ಕಾಕಾಸಾಹೇಬರು ಬೆಂಡು ಕಟ್ಟಿಕೊಂಡದ್ದು

ನಮ್ಮ ಅಥಣಿ, ರಾಯಬಾಗ ಕಡೆಯ ಹೊಳೆದಂಡೆಯ ಊರುಗಳಲ್ಲಿ ಒಂದು ಪದ್ಧತಿ ಇದೆ. ದೋಣಿ ತುಂಬಿತು ಎಂದು ಅಂಬಿಗ ಹೇಳಿದ ಮೇಲೆ ಇನ್ನೂ ಏಳೆಂಟು ಜನ ಹತ್ತುತ್ತಾರೆ. ಅವರ ಹಿಂದೆ ಒಂದು ಸೈಕಲ್ಲು, ಒಂದೆರಡು ಆಡು, ಒಂದು ಹಾಲಿನ ಕ್ಯಾನು. ದೋಣಿಯ ಅಂಚಿಗೂ ನೀರಿಗೂ ನಡುವೆ ಗೇಣು ಜಾಗವೂ ಉಳಿಯದೆ ಹೋದಾಗ, ಈಗ ಬಿಡಪ್ಪ ಎಂದು ಎಲ್ಲರೂ ಒಪ್ಪಿಗೆ ಕೊಡುತ್ತಾರೆ. ಜೋರಾಗಿ ಸೀನಲಿಕ್ಕೂ ಭಯಪಡುವಂಥ ಈ ದೋಣಿಯಲ್ಲಿ ದಿನಾ ಶಾಲೆಯ ಮಕ್ಕಳೂ ಕೂತಿರುತ್ತಾರೆ.

ಕಾಕಾಸಾಹೇಬರ ಊರೂ ಇಂಥದ್ದೇ. ಊರಿನ ಹೆಸರು ಹೇಳಿದರೆ ಅವರಿಗೆ ನಾಚಿಕೆಯಾದೀತು, ಆದ್ದರಿಂದ ಹೇಳುವುದಿಲ್ಲ. ಕಾಕಾಸಾಹೇಬರು ಕಬ್ಬು, ದ್ರಾಕ್ಷಿ ಎರಡೂ ಇದ್ದ ದೊಡ್ಡ ಕುಳ. ಊರಲ್ಲಿ ಅವರ ಮಾತು ನಡೆಯುತ್ತಿತ್ತು. ಅವರ ಒಬ್ಬಳೇ ಮಗಳು ತಾರಾ ಹೊಳೆಯಾಚೆಯ ಹೈಸ್ಕೂಲಿಗೆ ಇದೇ ದೋಣಿಯಲ್ಲಿ ಹೋಗಿಬರುತ್ತಿದ್ದಳು. ಒಂದು ದಿನ ಮಹಿಳಾ ಮಂಡಳದ ಸಭೆಯಲ್ಲಿ ನರ್ಸಬಾಯಿ ಹೇಳಿದ್ದನ್ನು ಹೆಂಡತಿ ಗೌರಾಬಾಯಿ ಮನೆಗೆ ಬಂದು ಹೇಳಿದರು. ದೋಣಿಯಲ್ಲಿ ಕೂರುವವರೆಲ್ಲ ತೇಲುವ ಜಾಕೀಟು ಹಾಕಿಕೊಳ್ಳಬೇಕಂತೆ, ಪಂಚಾಯಿತಿಯವರಿಗೆ ನೀವೊಂದು ಮಾತು ಹೇಳಿದರೆ ಮಕ್ಕಳಿಗಾದರೂ ತರಿಸುತ್ತಾರೆ ಎಂದರು.

ಕಾಕಾಸಾಹೇಬರು ನಗಲು ಶುರು ಮಾಡಿದವರು ಚಹಾ ಆರುವ ತನಕ ನಿಲ್ಲಿಸಲಿಲ್ಲ. ನಮ್ಮ ಕಡೆ ಈಜು ಕಲಿಯುವ ಸಣ್ಣ ಮಕ್ಕಳ ಬೆನ್ನಿಗೆ ಬೆಂಡು ಕಟ್ಟಿ ನೀರಿಗೆ ಬಿಡುತ್ತಾರೆ. ಎಂಟು ದಿನದಲ್ಲಿ ಬೆಂಡು ಬಿಚ್ಚದ ಹುಡುಗನನ್ನು ಗೆಳೆಯರು ವರ್ಷಗಟ್ಟಲೆ ಕಾಡುತ್ತಾರೆ. ಜಾಕೀಟು ಎಂದರೆ ಅದೇ ಬೆಂಡು, ಅದಕ್ಕೆ ಗುಂಡಿ ಹಚ್ಚಿದ್ದಾರೆ ಅಷ್ಟೇ ಎನ್ನುವುದು ಅವರ ತಿಳುವಳಿಕೆ.

"ನನ್ನ ಮಗಳು ಬೆಂಡು ಕಟ್ಕೊಂಡು ಸಾಲೀಗಿ ಹೋದ್ರ ಮಂದಿ ಏನಂದಾರು?" ಎಂದು ಕೇಳಿದರು. "ತುಂಬಿದ ಕೃಷ್ಣಾ ಹೊಳೀ ಈಜಿದಾಂವ ಅದೀನಿ ನಾ."

ಈಜಿದ್ದು ನಿಜ. ಹರೆಯದಲ್ಲಿ ಒಮ್ಮೆ, ಶ್ರಾವಣದ ನೆರೆಯಲ್ಲಿ. ಆ ಕಥೆಯನ್ನು ಚಹಾದಂಗಡಿಯಲ್ಲಿ ಹೇಳುತ್ತ ಹೇಳುತ್ತ ಹೊಳೆ ವರ್ಷವರ್ಷಕ್ಕೆ ಅಗಲವಾಗುತ್ತಿತ್ತು. ಪಂಚಾಯಿತಿಯಲ್ಲಿ ಜಾಕೀಟಿನ ಮಾತು ಬಂದಾಗ ಅವರು ನಕ್ಕರು. ಅವರು ನಕ್ಕರೆಂದು ಉಳಿದವರೂ ನಕ್ಕರು. ವಿಷಯ ಅಲ್ಲಿಗೇ ಬಿದ್ದುಹೋಯಿತು. ಗೌರಾಬಾಯಿ ಮಾತ್ರ ತಾರಾ ಶಾಲೆಯಿಂದ ಬರುವ ಹೊತ್ತಿಗೆ ದಿನಾ ಒಂದು ನೆಪ ಮಾಡಿಕೊಂಡು ಹೊಳೆದಂಡೆಗೆ ಹೋಗಿ ನಿಲ್ಲುತ್ತಿದ್ದರು.

ಇದು ತೊಂಬತ್ತಮೂರರ ಮಾತು. ಆ ವರ್ಷ ದ್ರಾಕ್ಷಿ ಚೆನ್ನಾಗಿ ಬಂದಿತ್ತು. ಬೆಳೆಗಾರರ ಸಂಘದವರು ಸುಗ್ಗಿ ಮುಗಿದ ಮೇಲೆ ಗಂಡಹೆಂಡಿರೆಲ್ಲ ಸೇರಿ ಲಕ್ಷದ್ವೀಪ ನೋಡಿಬರುವುದು ಎಂದು ಗೊತ್ತು ಮಾಡಿದರು. ಈ ಹುಚ್ಚು ಹಿಡಿಸಿದವರು ಐಗಳಿ ಎಂಬ ಊರಿನ ಶ್ರೀಪಾಲ. ಅವರು ಹಿಂದೊಮ್ಮೆ ಅಲ್ಲಿಗೆ ಹೋಗಿಬಂದಿದ್ದರು, ಹಿಂದಿಯನ್ನೂ ಬಲ್ಲವರು. ಮೀರಜದಲ್ಲಿ ರೈಲು ಹತ್ತಿ ಕೊಚ್ಚಿ, ಕೊಚ್ಚಿಯಿಂದ ಹಡಗು. ಹಡಗಿನಲ್ಲಿ ಎಲ್ಲರಿಗಿಂತ ಮೊದಲು ವಾಂತಿ ಮಾಡಿಕೊಂಡವರು ಕಾಕಾಸಾಹೇಬರು. ತಪ್ಪು ಸಮುದ್ರದ್ದಲ್ಲ, ಕೊಚ್ಚಿಯ ಇಡ್ಲಿಯದು ಎಂದು ಅವರು ಸುಧಾರಿಸಿಕೊಂಡ ಮೇಲೆ ಎಲ್ಲರಿಗೂ ತಿಳಿಸಿದರು.

ದ್ವೀಪಕ್ಕೆ ಇಳಿದದ್ದೇ ಗೌರಾಬಾಯಿ ನೆಟ್ಟಗೆ ನೀರಿನ ಕಡೆ ನಡೆದರು. ದಂಡೆಯ ಹತ್ತಿರ ನೀರು ತಿಳಿಹಸಿರು. ಎದೆಮಟ್ಟ ನೀರಿನಲ್ಲಿ ನಿಂತರೂ ಕಾಲ್ಬೆರಳಿನ ಉಂಗುರ ಕಾಣುತ್ತದೆ. ದೂರದಲ್ಲಿ ಬಿಳಿ ನೊರೆಯ ಗೆರೆ. ಅಲ್ಲಿ ನೀರಿನೊಳಗೆ ಹವಳದ ಒಡ್ಡು ಇದೆ, ದೊಡ್ಡ ತೆರೆಗಳನ್ನು ಅದು ಆಚೆಯೇ ತಡೆಯುತ್ತದೆ, ಹಾಗಾಗಿ ಒಳಗಿನ ನೀರು ಕೆರೆಯಂತೆ ತೆಪ್ಪಗಿರುತ್ತದೆ ಎಂದು ಶ್ರೀಪಾಲ ವಿವರಿಸಿದರು. ಹೊಲಕ್ಕೆ ಒಡ್ಡು ಹಾಕಿ ಗೊತ್ತಿದ್ದವರಿಗೆ ಇದು ತಟ್ಟನೆ ಅರ್ಥವಾಯಿತು.

ದೋಣಿ ನಡೆಸುವವನು ಕೋಯಾ ಎಂಬ ದ್ವೀಪದ ಮನುಷ್ಯ. ಎಲ್ಲರೂ ಜಾಕೀಟು ಕಟ್ಟಿಕೊಳ್ಳದ ಹೊರತು ದೋಣಿ ಅಲುಗುವುದಿಲ್ಲ ಎಂದು ಮೊದಲೇ ಹೇಳಿದ. ಕಿತ್ತಳೆ ಬಣ್ಣದ, ಉಬ್ಬಿದ ಜಾಕೀಟುಗಳು. ಗೌರಾಬಾಯಿ ಕಚ್ಚೆ ಹಾಕಿದ ಸೀರೆಯ ಮೇಲೆ ಜಾಕೀಟು ಬಿಗಿದು, ಗಂಟುಗಳನ್ನು ಎರಡೆರಡು ಸಲ ಜಗ್ಗಿ ನೋಡಿದರು. ಶ್ರೀಪಾಲರೂ ಕಟ್ಟಿಕೊಂಡರು. ಐಗಳಿಯಲ್ಲಿ ಹೊಳೆ ಇಲ್ಲ, ಅವರಿಗೆ ಬಾವಿಗೆ ಬಗ್ಗಿ ನೋಡಿದರೂ ತಲೆ ಸುತ್ತುತ್ತದೆ, ನಾಚುವ ಮಾತೇ ಇರಲಿಲ್ಲ. ಕಾಕಾಸಾಹೇಬರು ಮಾತ್ರ ಜಾಕೀಟನ್ನು ಶಾಲು ಹೊದ್ದ ಹಾಗೆ ಹೆಗಲ ಮೇಲೆ ಹಾಕಿಕೊಂಡರು. ದೋಣಿ ದಂಡೆ ಬಿಟ್ಟು ನಾಲ್ಕು ಮಾರು ಹೋಗುವುದರೊಳಗೆ ಅದನ್ನು ತೆಗೆದು, ಮಡಚಿ, ಕುಂಡಿಯ ಕೆಳಗೆ ಹಾಕಿಕೊಂಡು ಕೂತರು.

"ಮೆತ್ತಗೈತಿ," ಎಂದರು. ಅದನ್ನು ಎದೆಗೆ ಕಟ್ಟಬೇಕು, ನೀರಿಗೆ ಬಿದ್ದಾಗ ಅದು ಕೈಗೆ ಸಿಗುವುದಿಲ್ಲ ಎಂದು ಶ್ರೀಪಾಲ ತಿಳಿಸಿ ಹೇಳಿದರು. ಐಗಳಿಯವರು ನೀರಿನ ವಿಷಯ ಕಲಿಸುವುದು ಬೇಡ ಎಂದು ಇವರು ಆ ಕಡೆ ಮುಖ ಮಾಡಿದರು.

ಹವಳದ ಹತ್ತಿರ ದೋಣಿ ನಿಲ್ಲಿಸಿ ಕೋಯಾ ಎಲ್ಲರಿಗೂ ಗಾಜಿನ ಮುಖವಾಡ, ಬಾಯಿಗೆ ಕಚ್ಚುವ ಒಂದು ನಳಿಗೆ ಕೊಟ್ಟ. ಮುಖ ನೀರಿನೊಳಗೆ, ನಳಿಗೆಯ ತುದಿ ಮೇಲೆ. ಬಾಯಿಂದಲೇ ಉಸಿರಾಡುತ್ತ ತೇಲಬೇಕು. ಇಲ್ಲೊಂದು ಫಜೀತಿ ಆಯಿತು. ಕಾಕಾಸಾಹೇಬರ ಮೀಸೆ ಅಥಣಿ ಪೇಟೆಯಲ್ಲಿ ಹೆಸರಾದದ್ದು. ಮುಖವಾಡ ಅದರ ಮೇಲೆ ಸರಿಯಾಗಿ ಕೂರದೆ, ದೋಣಿಯಿಂದ ಬಗ್ಗಿ ಮುಖ ಅದ್ದಿದರೆ ಎರಡೂ ಕಡೆಯಿಂದ ನೀರು ಒಳಗೆ ನುಗ್ಗುತ್ತಿತ್ತು. ಒಂದೋ ಮೀಸೆ ಬೋಳಿಸಬೇಕು, ಇಲ್ಲವೇ ವ್ಯಾಸಲೀನು ಹಚ್ಚಬೇಕು ಎಂದ ಕೋಯಾ. ಹಚ್ಚಿದರು. ಮೂಗಿಗೆ ನೀರು ಹೋಗುವುದು ನಿಲ್ಲಲಿಲ್ಲ, ಮೀಸೆ ಮಾತ್ರ ಸೋತ ಬೆಕ್ಕಿನ ಮೀಸೆಯಂತೆ ಜೋತುಬಿತ್ತು. ಹೆಂಗಸರೆಲ್ಲ ನಕ್ಕದ್ದು ಅವರಿಗೆ ನಾಟಿತು.

ಗೌರಾಬಾಯಿಗೆ ಈಜು ಬಾರದು. ಹೊಳೆದಂಡೆಯಲ್ಲಿ ಹುಟ್ಟಿದರೂ ನಮ್ಮ ಹೆಣ್ಣುಮಕ್ಕಳಿಗೆ ನೀರು ಹೊರುವುದನ್ನು ಕಲಿಸುತ್ತಾರೆ, ಈಜುವುದನ್ನು ಯಾರು ಕಲಿಸುತ್ತಾರೆ? ಆದರೆ ಜಾಕೀಟಿನ ಧೈರ್ಯದ ಮೇಲೆ ಅವರು ಕೋಯಾ ಇಳಿಬಿಟ್ಟ ಹಗ್ಗ ಹಿಡಿದು ಇಳಿದೇಬಿಟ್ಟರು. ಮುಖ ಮುಳುಗಿಸಿದರೆ ಕೆಳಗೊಂದು ಊರೇ ಇತ್ತು. ಇಳಕಲ್ ಸೀರೆಯ ದಡಿಯ ಬಣ್ಣದ ಮೀನುಗಳು, ಹಳದಿ ಪಟ್ಟೆಯವು, ನೀಲಿಯವು, ಇವರ ಕೈಯ ಹತ್ತಿರವೇ ಬಂದು ಬಳೆ ನೋಡಿ ಹೋಗುತ್ತಿದ್ದವು. ಗೌರಾಬಾಯಿಗೆ ಸಂತೋಷ ತಡೆಯಲಾಗಲಿಲ್ಲ. ನಳಿಗೆ ಬಾಯಲ್ಲಿ ಇಟ್ಟುಕೊಂಡೇ ಎಲ್ಲವನ್ನೂ ವರ್ಣಿಸತೊಡಗಿದರು. ಮೇಲೆ ಇದ್ದವರಿಗೆ ಎಮ್ಮೆ ಕೂಗಿದ ಹಾಗೆ ಕೇಳಿಸಿತು. ಶ್ರೀಪಾಲರೂ ಇಳಿದರು. ಅವರು ಜೈನರು, ಮನೆಯಲ್ಲಿ ಸೋಸದ ನೀರು ಕುಡಿದವರಲ್ಲ. ಒಂದು ಗುಟುಕು ಸಮುದ್ರ ಒಳಗೆ ಹೋದ ಮೇಲೆ ಇದಕ್ಕೆ ಪ್ರಾಯಶ್ಚಿತ್ತ ಏನೆಂದು ಬಹಳ ಹೊತ್ತು ಚಿಂತಿಸಿದರು.

ಎಲ್ಲರ ಕಣ್ಣೂ ಮೀನಿನ ಮೇಲಿದ್ದಾಗ ಕಾಕಾಸಾಹೇಬರು ಮುಖವಾಡ ಬಿಸಾಕಿ, ಅಂಗಿ ಕಳಚಿ, ದೋಣಿಯ ಹಿಂದಿನಿಂದ ನೀರಿಗೆ ಹಾರಿದರು. ಈಜು ಎಂದರೆ ಏನೆಂದು ಈ ಮಂದಿಗೆ ತೋರಿಸಬೇಕಿತ್ತು. ಉಪ್ಪುನೀರು ಅವರನ್ನು ಹಗುರಾಗಿ ಎತ್ತಿ ಹಿಡಿಯಿತು. ಕೈಯಾಡಿಸದಿದ್ದರೂ ತೇಲುತ್ತಾರೆ. ಹೊಟ್ಟೆ ಮೇಲೆ ಮಾಡಿ ಮಲಗಿ, ಕೃಷ್ಣೆಗಿಂತ ಇದು ಸಲೀಸು ಎಂದುಕೊಂಡರು.

ಅವರು ಇಳಿದ ಹೊತ್ತು ಇಳಿತದ ಹೊತ್ತು. ಒಳಗಿನ ನೀರು ಒಡ್ಡಿನಲ್ಲಿದ್ದ ಒಂದು ಕಂಡಿಯ ಕಡೆ, ಹೊರಗಿನ ಸಮುದ್ರಕ್ಕೆ, ಹರಿಯತೊಡಗಿತ್ತು. ಆ ಕಡೆ ಯಾರೂ ಹೋಗಬಾರದು ಎಂದು ಕೋಯಾ ಮೊದಲೇ ಹೇಳಿದ್ದ. ಶ್ರೀಪಾಲ ಅದನ್ನು ಕನ್ನಡದಲ್ಲಿ ಮತ್ತೊಮ್ಮೆ ಹೇಳಿದ್ದರು. ಕಾಕಾಸಾಹೇಬರು ಆಗ ಮೀಸೆ ಒರೆಸಿಕೊಳ್ಳುತ್ತಿದ್ದರು. ಈಗ ಮೈಗೆ ಸೆಳವು ತಾಗಿತು. ಅವರು ಹೆದರಲಿಲ್ಲ, ಬದಲಿಗೆ ಖುಷಿಪಟ್ಟರು. ಸೆಳವಿಗೆ ಎದುರು ಈಜಬಾರದು, ಅದರ ಜೊತೆಗೇ ಓರೆಯಾಗಿ ಹೋದರೆ ಒಂದಿಷ್ಟು ಕೆಳಗೆ ಆಚೆ ದಂಡೆ ಸಿಗುತ್ತದೆ ಎಂಬುದು ಹೊಳೆದಂಡೆಯ ಮಕ್ಕಳಿಗೆಲ್ಲ ಗೊತ್ತಿದ್ದ ವಿದ್ಯೆ. ಅವರು ಅದರಂತೆ ಮೈ ಸಡಿಲು ಬಿಟ್ಟರು. ಆಚೆ ದಂಡೆಗಾಗಿ ಕಣ್ಣು ಹಾಯಿಸಿದರು. ನೀರು ಕಂಡಿತು. ಅದರಾಚೆ ಮತ್ತೆ ನೀರು. ಆಚೆ ದಂಡೆ ಎಂದರೆ ಅರಬಸ್ತಾನವೇ ಎಂಬುದು ಅವರಿಗೆ ಆಗ ಹೊಳೆಯಿತು.

ತಿರುಗಿ ಈಜಿದರು. ಈಜಿದಷ್ಟೂ ದೋಣಿ ಸಣ್ಣದಾಗುತ್ತಿತ್ತು. ಧೋತರ ಕಾಲಿಗೆ ಸುತ್ತಿಕೊಂಡಿತು. ಬಾಯಿಗೆ ಉಪ್ಪುನೀರು ಬಂತು. ಕೂಗಿದರೆ ಒಡ್ಡಿನ ಮೇಲೆ ಒಡೆಯುವ ತೆರೆಗಳ ಸದ್ದಿನಲ್ಲಿ ಏನೂ ಕೇಳಿಸುವ ಹಾಗಿರಲಿಲ್ಲ. ಒಂದು ಕೈ ಎತ್ತಿ ಬೀಸಿದರು.

ದೋಣಿಯಲ್ಲಿದ್ದವರು ನೋಡಿದರು. ಕಾಕಾಸಾಹೇಬರು ಎಷ್ಟು ದೂರ ಹೋಗಿದ್ದಾರೆ ನೋಡಿ ಎಂದು ಮೆಚ್ಚಿ, ಅವರೂ ಕೈ ಬೀಸಿದರು. ಇವರು ಎರಡೂ ಕೈ ಬೀಸಿದರು. ಅವರು ಚಪ್ಪಾಳೆ ತಟ್ಟಿದರು. ಒಬ್ಬರು ಫೋಟೋ ತೆಗೆದರು.

ಆಗತಾನೇ ದೋಣಿ ಹತ್ತಿದ ಗೌರಾಬಾಯಿ ಒಮ್ಮೆ ನೋಡಿದವರು ಕೋಯಾನ ರಟ್ಟೆ ಹಿಡಿದರು.

"ಲಗ್ನ ಆಗಿ ಇಷ್ಟ ವರ್ಷ ಆತು, ಅವರು ನನಗ ಒಂದ ಸಲಾನೂ ಕೈ ಬೀಸಿಲ್ಲ. ತವರುಮನಿಗಿ ಹೊಂಟಾಗೂ ಬೀಸಿಲ್ಲ. ಈಗ ಬೀಸಾಕತ್ತಾರಂದ್ರ ಏನೋ ಆಗೇತಿ. ದೋಣಿ ತಿರುಗಸ್ರಿ."

ಕೋಯಾನಿಗೆ ಕನ್ನಡ ಬಾರದು. ಆದರೆ ಆ ಮುಖ ನೋಡಿ ಯಾವ ಭಾಷೆಯವನಿಗಾದರೂ ತಿಳಿಯುತ್ತಿತ್ತು. ನೀರಿನಲ್ಲಿದ್ದವರನ್ನೆಲ್ಲ ಮೇಲೆಳೆದುಕೊಂಡು ಇಂಜಿನು ಹಚ್ಚಿದ. ಹತ್ತಿರ ಹೋಗುವಷ್ಟರಲ್ಲಿ ಕಾಕಾಸಾಹೇಬರ ತಲೆ ಒಂದು ಸಲ ಮುಳುಗಿ ಎದ್ದಿತ್ತು. ಅವರು ಕೂತಿದ್ದ ಜಾಕೀಟನ್ನೇ ಶ್ರೀಪಾಲ ನೀರಿಗೆ ಎಸೆದರು. ಕಾಕಾಸಾಹೇಬರು ಅದನ್ನು ಎರಡೂ ಕೈಯಿಂದ ತಬ್ಬಿಕೊಂಡರು. ನಾಲ್ಕು ಜನ ಸೇರಿ ಎಳೆದು ದೋಣಿಯೊಳಗೆ ಹಾಕಿದಾಗಲೂ ಬಿಡಲಿಲ್ಲ.

ಗೌರಾಬಾಯಿ ಬೈಯಲಿಲ್ಲ, ಸೆರಗಿನಿಂದ ಗಂಡನ ತಲೆ ಒರೆಸಿದರು. ದಂಡೆ ಹತ್ತಿರ ಬಂದಾಗ ಕಾಕಾಸಾಹೇಬರು ಮೆಲ್ಲಗೆ ಹೇಳಿದರು:

"ಗೌರಾ, ನಮ್ಮ ತಾರಾಗ ನನ್ನಷ್ಟೂ ಈಜಾಕ ಬರೂದಿಲ್ಲ."

ಹೇಳಿ ಅತ್ತರು. ಅಷ್ಟು ದೊಡ್ಡ ಮನುಷ್ಯ ಎಲ್ಲರೆದುರು ಅತ್ತದ್ದನ್ನು ನೋಡಿ ಯಾರಿಗೂ ನಗು ಬರಲಿಲ್ಲ.

ಕೊಚ್ಚಿಯಲ್ಲಿ ರೈಲು ಹತ್ತುವ ಮೊದಲು ಅವರು ಬಂದರಿನ ಅಂಗಡಿಗೆ ಹೋಗಿ ಜಾಕೀಟುಗಳ ದೊಡ್ಡ ಗಂಟನ್ನೇ ಕಟ್ಟಿಸಿಕೊಂಡು ಬಂದರು. ಸಣ್ಣವು ಹೆಚ್ಚು, ದೊಡ್ಡವು ಕೆಲವು. ಮೀರಜದ ತನಕ ಆ ಗಂಟು ಎರಡು ಜನರ ಜಾಗ ಹಿಡಿಯಿತು, ಟಿ.ಸಿ. ಬಂದು ಇದೇನು ಎಂದು ಕೇಳಿದರೆ, ಊರಿನ ಮಕ್ಕಳದು ಎಂದು ಹೇಳಿ ಕಿಟಕಿಯ ಹೊರಗೆ ನೋಡಿದರು.

ಮಳೆ ಹಿಡಿದು ಹೊಳೆ ಏರಿತು, ಶಾಲೆ ಶುರುವಾಯಿತು. ಅಂಬಿಗ ಹಾಲಸಿದ್ದ ಜಾಕೀಟುಗಳನ್ನು ದೋಣಿಯ ಮೂಲೆಗೆ ಪೇರಿಸಿಟ್ಟ. ಯಾರೂ ಮುಟ್ಟಲಿಲ್ಲ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು, ದೊಡ್ಡವರು ಹೊಳೆಯ ಕಡೆ ನೋಡಿದರು. ಆಗ ಕಾಕಾಸಾಹೇಬರು ದಂಡೆಗೆ ಬಂದು, ನೆಹರೂ ಅಂಗಿಯ ಮೇಲೆ ಒಂದು ಜಾಕೀಟು ಹಾಕಿ, ಗಂಟುಗಳನ್ನು ಎಲ್ಲರಿಗೂ ಕಾಣುವ ಹಾಗೆ ಬಿಗಿದರು. ಮಗಳಿಗೂ ಕಟ್ಟಿದರು. ಮೊದಲು ಒಬ್ಬ ಕಿಸಕ್ಕೆಂದ, ಆಮೇಲೆ ದಂಡೆಗೆ ದಂಡೆಯೇ ನಕ್ಕಿತು. ತುಂಬಿದ ಹೊಳೆ ಈಜಿದ ಕಾಕಾಸಾಹೇಬರು ಬೆಂಡು ಕಟ್ಟಿಕೊಂಡಿದ್ದರು.

ಅವರು ಸಿಟ್ಟಾಗಲಿಲ್ಲ.

"ನಗ್ರಿ," ಎಂದರು. "ಆದ್ರ ಕಟ್ಕೊಂಡು, ಆಚೀ ದಂಡಿ ಮುಟ್ಟಿ ನಗ್ರಿ. ನಡುಹೊಳ್ಯಾಗ ನಗು ಬರೂದಿಲ್ಲ, ನಾ ನೋಡಿ ಬಂದೀನಿ."

ಆಮೇಲೆ ಹಾಲಸಿದ್ದನಿಗೆ, ಜಾಕೀಟು ಕಟ್ಟದವರನ್ನು ಹತ್ತಿಸಿಕೊಳ್ಳಬೇಡ, ದೋಣಿಗೆ ತಕ್ಕಷ್ಟು ಜನ ಆದ ಮೇಲೆ ತಾನೇ ಬಂದರೂ ಬೇಡ ಎನ್ನು ಎಂದು ತಾಕೀತು ಮಾಡಿದರು. ಎರಡನೆಯ ವಾರ ಹಾಲಸಿದ್ದ ನಿಜವಾಗಿಯೂ ಅವರಿಗೇ ಬೇಡ ಎಂದ. ಅವರು ಗೊಣಗುತ್ತ ದಂಡೆಯಲ್ಲಿ ಕೂತು ಮುಂದಿನ ಸರದಿಗೆ ಕಾದರು.

ಹೊಳೆದಂಡೆಯ ಅಕ್ಕಂದಿರೇ, ಅಣ್ಣಂದಿರೇ, ಈ ಮಾತು ಮುಖ್ಯವಾಗಿ ಈಜು ಬಲ್ಲವರಿಗೆ. ಬಾರದವರು ಹೇಗೂ ಹೆದರಿ ಕಟ್ಟಿಕೊಳ್ಳುತ್ತಾರೆ. ಜಾಕೀಟನ್ನು ದೋಣಿ ಬಿಡುವ ಮೊದಲೇ ಕಟ್ಟಿ, ಗಂಟು ಜಗ್ಗಿ ನೋಡಿ. ಅದರ ಮೇಲೆ ಕೂರಬೇಡಿ. ಗೊತ್ತಿಲ್ಲದ ನೀರಿಗೆ ಅಲ್ಲಿಯವರನ್ನು ಕೇಳದೆ ಇಳಿಯಬೇಡಿ. ನೀರಿನಿಂದ ಯಾರಾದರೂ ಕೈ ಬೀಸಿದರೆ ಚಪ್ಪಾಳೆ ತಟ್ಟುವ ಮೊದಲು ಸ್ವಲ್ಪ ಯೋಚಿಸಿ. ಮತ್ತು ನಾಳೆ ಮುಂಜಾನೆ ನಿಮ್ಮ ಮಗುವಿನ ಕೈ ಹಿಡಿದು ದಂಡೆಗೆ ಹೋದಾಗ ದೋಣಿ ತುಂಬಿದ್ದರೆ, ದಯವಿಟ್ಟು ಹಿಂದೆ ಸರಿಯಿರಿ. ತಡವಾಯಿತೆಂದು ಗುರುಗಳು ಬೈದರೆ ಬೈಯಲಿ. ದೋಣಿ ಇನ್ನೊಂದು ಸಲ ಬರುತ್ತದೆ, ಮಗು ಬರುವುದಿಲ್ಲ.