ಹುಮನಾಬಾದ್ ದಾಟಿದ ಕಾರು

ಕಾರು ಹುಮನಾಬಾದ್ ರೈಲು ನಿಲ್ದಾಣದ ತಿರುವನ್ನು ದಾಟಿ ಹೆದ್ದಾರಿಯಲ್ಲೇ ಮುನ್ನುಗ್ಗಿತು.

“ರೀ, ಸ್ಟೇಷನ್ ಹಿಂದ ಉಳೀತು!” ಅನುರಾಧಾ ಕೂಗಿದಳು.

ಕಾರು ನಡೆಸುತ್ತಿದ್ದ ಗಂಡ ಬಸವಕುಮಾರ ಕನ್ನಡಿಯಲ್ಲೂ ಅವಳನ್ನು ನೋಡಲಿಲ್ಲ. “ಹೈದರಾಬಾದ್‌ಗೆ ಹೊಂಟೀವಿ. ನಿನಗೂ ಅವ್ವಗೂ ವಿಮಾನದ ಟಿಕೆಟ್ ತಗಸೇನಿ. ಆ ಬೆನ್ನುನೋವು ಇಟ್ಕೊಂಡು ಬೆಂಗಳೂರು ತನಕ ರೈಲಿನಾಗ ಕುಂದರತೀಯೇನು?”

ಹಿಂದಿನ ಸೀಟಿನಲ್ಲಿದ್ದ ಅನುರಾಧಾ ಮುಂದಕ್ಕೆ ಬಾಗಿದಳು. ರೈಲು ಹೋಗುವ ಊರಿಗೆ ಯಾರೂ ವಿಮಾನ ಹತ್ತಕೂಡದೆಂಬ ನಿಯಮವನ್ನು ಬಸವಕಲ್ಯಾಣದ ತನ್ನ ಕಾಲೇಜಿನಲ್ಲಿ ಹಟಹಿಡಿದು ತಂದವಳೇ ಅವಳು. ವಿಮಾನ ಆಕಾಶಕ್ಕೆ ಉಗುಳುವ ಹೊಗೆಯನ್ನು ಪಾಠ ಮಾಡಿ ತೋರಿಸಿದ್ದಳು. ಆ ಮಾತಿಗೆ ಕಟ್ಟುಬಿದ್ದು, ಬೆಂಗಳೂರಿನ ವಿಚಾರಸಂಕಿರಣದವರು ಕೊಟ್ಟ ವಿಮಾನದ ಟಿಕೆಟನ್ನು ನಿರಾಕರಿಸಿದ ವಿದ್ಯಾರ್ಥಿಗಳು ಈಗ ನಿಲ್ದಾಣದಲ್ಲಿ ಅವಳಿಗಾಗಿ ಕಾಯುತ್ತಿದ್ದರು. ಇನ್ನು ಅವರ ಮುಂದೆ ಯಾವ ಮುಖ ಹೊತ್ತು ನಿಲ್ಲುವುದು?

“ಗಾಡಿ ತಿರುಗಸ್ರಿ.”

“ತಿರುಗಸಬಾರದವ್ವಾ,” ನಿಲ್ದಾಣದ ತನಕ ಕಳಿಸಲು ಬರುತ್ತೇನೆಂದು ಪಕ್ಕದಲ್ಲಿ ಕೂತಿದ್ದ ಅತ್ತೆ ತುಳಜಾಬಾಯಿ ಮೆತ್ತಗೆ ಹೇಳಿದಳು. “ಉಡಿ ತುಂಬಿಸಿಕೊಂಡು ಹೊಸ್ತಿಲ ದಾಟಿದಾಕಿ ಹಾದ್ಯಾಗ ಹೊಳ್ಳಬಾರದು.”

ಹೊರಡುವಾಗ ಅತ್ತೆ ಸೆರಗಿಗೆ ಸುರಿದಿದ್ದ ಅಕ್ಕಿ, ಕೊಬ್ಬರಿ, ಉತ್ತತ್ತಿಗಳು ಮಡಿಲಲ್ಲಿ ಭಾರವಾದವು. ಅದಕ್ಕೇ ಇಂದು ಅಷ್ಟು ಉಪಚಾರ!

ಫೋನು ಮೊಳಗಿತು. ವಿದ್ಯಾರ್ಥಿನಿ ಸಾಕ್ಷಿ. “ಮೇಡಂ, ಗಾಡಿ ಬರಾಕತ್ತೈತ್ರಿ! ಎಲ್ಲಿದ್ದೀರಿ?”

ಉತ್ತರಿಸುವಷ್ಟರಲ್ಲಿ ಕರೆ ಕಡಿಯಿತು.

“ಅತ್ತಿ, ವಿಮಾನ ಹತ್ತೋ ಆಸೆ ಯಾರದು? ಖರೇ ಹೇಳ್ರಿ.”

ತುಳಜಾಬಾಯಿ ಕಿಟಕಿಯತ್ತ ತಿರುಗಿದಳು. “ಮೋಡ ಮ್ಯಾಲಿಂದ ಹ್ಯಾಂಗ ಕಾಣತಾವ ಅಂತ... ಒಬ್ಬಾಕಿನ್ನ ಯಾರು ಕಳಸ್ತಾರ?”

ಅನುರಾಧಾ ಸೆರಗು ಬಿಚ್ಚಿ ಇಡೀ ಉಡಿಯನ್ನು ಅತ್ತೆಯ ಮಡಿಲಿಗೆ ಸುರಿದಳು. “ಈಗ ಪ್ರಯಾಣ ನಿಮ್ಮದು. ಮಗಗೊಂದು ಟಿಕೆಟ್ ತಗಸಿ ಕರಕೊಂಡು ಹೋಗ್ರಿ. ನಾ ಹೊಳ್ಳಬಹುದು.”

ತುಳಜಾಬಾಯಿ ಅಕ್ಕಿಯನ್ನೇ ದಿಟ್ಟಿಸಿದಳು. “ಬಸವಾ, ಗಾಡಿ ನಿಂದರಸು.”

“ಅವ್ವಾ, ನೀ ಯಾರ ಕಡೆ?”

“ನಾ ಕಿಡಕಿ ಕಡೆ. ನಿಂದರಸು!”

ಕಾರು ಅನುರಾಧಾಳನ್ನು ಇಳಿಸಿ ಮರೆಯಾಯಿತು. ಕೈ ಬೀಸಿದರೂ ನಿಲ್ದಾಣದ ಕಡೆ ಹೋಗುವ ಒಂದು ಲಾರಿಯೂ ನಿಲ್ಲಲಿಲ್ಲ. ಮತ್ತೆ ಫೋನು; ಹಿನ್ನೆಲೆಯಲ್ಲಿ ರೈಲಿನ ಗಾಲಿಗಳ ಸದ್ದು.

“ಗಾಡಿ ಬಿಡ್ತ್ರಿ ಮೇಡಂ.”

“ನಾ ಹೆದ್ದಾರಿ ಮ್ಯಾಲ ಇದ್ದೀನಿ. ಬಸ್ಸಿಗೆ ಬರ್ತೀನಿ, ಸಾಕ್ಷಿ.”

ಸಾಕ್ಷಿಯ ಪಕ್ಕದಲ್ಲಿ ಯಾರೋ ಹುಡುಗ ನಕ್ಕ: “ಮೇಡಮ್ಮೋರು ವಿಮಾನದಾಗ ಹಾರಿದ್ರು ನೋಡಲೇ!”

“ವಿಡಿಯೋ ಹಚ್ಚರಿ ಮೇಡಂ,” ಎಂದಳು ಸಾಕ್ಷಿ.

ತಪ್ಪು ಮಾಡದಿದ್ದರೂ ಅನುರಾಧಾ ವಿಡಿಯೋ ಹಚ್ಚಿದಳು. ಬಿಸಿಲು, ಧೂಳು, ಲಾರಿಗಳ ಸಾಲು, ಎಲ್ಲವನ್ನೂ ತೋರಿಸಿದಳು.

“ಕಾಣಸ್ತದ್ರಿ. ಬಸ್ ಹತ್ತೋ ತನಕ ಬಂದ್ ಮಾಡಬ್ಯಾಡ್ರಿ.”

ಅನುರಾಧಾ ಫೋನನ್ನು ಎದುರಿಗೆ ಹಿಡಿದು, ಬರಲಿರುವ ಬಸ್ಸಿಗಾಗಿ ಕಾಯುತ್ತ ನಿಂತಳು.