ಮಡಿಕೆ ಕಾಳಿನ ಗಂಟು

ಚಂದ್ರವ್ವ ಕಟ್ಟಿದ ಮಡಿಕೆ ಕಾಳಿನ ಗಂಟು ಎಂದೂ ಕೈಕೊಟ್ಟದ್ದಿಲ್ಲ. ಮುಂಬಯಿಯ ವಡಾಲದ ಆ ಚಾಳಿನಲ್ಲಿ ದಿನಾ ಮೊಳಕೆ ಕಾಳಿನ ಉಸಳಿ ಮಾಡುವ ಮರಾಠಿ ಹೆಂಗಸರೇ ಅವಳಿಗೆ ಸೋಲೊಪ್ಪಿದ್ದರು. ಬೆಳಿಗ್ಗೆ ನೆನೆಹಾಕಿ, ಸಂಜೆ ನೀರು ಬಸಿದು, ಗಂಡನ ಹಳೇ ಧೋತರದ ತುಂಡಿನಲ್ಲಿ ಬಿಗಿಯಾಗಿ ಕಟ್ಟಿ ಒಲೆಯ ಮೇಲಿನ ಮೊಳೆಗೆ ತೂಗುಹಾಕುವಳು. ವಿಜಾಪುರದಲ್ಲಿ ಎರಡು ದಿನ ಸತಾಯಿಸುವ ಮೊಳಕೆ ಮುಂಬಯಿಯ ಈ ಬೆವರು ಹವೆಯಲ್ಲಿ ಮಾರನೇ ಬೆಳಿಗ್ಗೆಗೇ ಬಟ್ಟೆ ತೂರಿ ಇಣುಕುತ್ತಿತ್ತು.

ಕಲಿಸಿದವಳು ಅತ್ತೆ ಅಂಬವ್ವ. "ಜ್ವರ ಬಿಟ್ಟಾವ್ರ ಬಾಯಿಗೆ ಮೊದಲ ಮೊಳಕಿ ಬೀಳಬೇಕ. ಮೊಳಕಿ ಬಂದಮ್ಯಾಲೆ ಅದು ಕಾಳಲ್ಲ, ಕಾಯಿಪಲ್ಯ. ಹೊಟ್ಟಿಗೆ ಹಗರ" ಎಂದು ಹೇಳಿಕೊಟ್ಟೇ ಸೊಸೆಯನ್ನು ಮುಂಬಯಿಗೆ ಕಳಿಸಿದ್ದಳು.

ಬಂದರಿನ ಗೋದಾಮಿನಲ್ಲಿ ಗುಮಾಸ್ತನಾಗಿದ್ದ ಗಂಡ ದಾನಪ್ಪನಿಗೆ ಆ ಮಳೆಗಾಲದಲ್ಲಿ ಟೈಫಾಯ್ಡ್ ಹಿಡಿಯಿತು. ಇಪ್ಪತ್ತೆರಡನೆಯ ದಿನ ಮೈ ತಣ್ಣಗಾಯಿತು. ಕರುಳೆಲ್ಲ ಹುಣ್ಣಾಗಿದೆ, ಇನ್ನೂ ಹತ್ತು ದಿನ ಗಂಜಿಯ ತಿಳಿ ಬಿಟ್ಟರೆ ಒಂದು ಕಾಳೂ ಒಳಗೆ ಹೋಗಕೂಡದು ಎಂದು ಡಾಕ್ಟರು ಬೆರಳೆತ್ತಿ ಹೇಳಿದರು.

ಮೂಳೆ ಚಕ್ಕಳವಾಗಿದ್ದ ದಾನಪ್ಪ ಮೊಳೆಯ ಮೇಲಿನ ಗಂಟನ್ನೇ ನೋಡುತ್ತ ಮಲಗಿರುತ್ತಿದ್ದ. "ಚಂದ್ರಾ, ಹಲ್ಲಿಗೆ ಏನರ ಹತ್ತೂಹಂಗ ಕೊಡ. ತಿಳಿ ಕುಡದು ಕುಡದು ಸಾಯತೀನಿ ನಾ."

ಎರಡು ದಿನ ಅವಳು ಕಲ್ಲಾದಳು. ಮೂರನೆಯ ದಿನ ಕರಗಿದಳು. ಊರಿಗೆ ಊರೇ ತಿಂದು ಎದ್ದು ಕೂತದ್ದು ಸುಳ್ಳೇನು? ಈ ಪೇಟೆಯ ಡಾಕ್ಟರಿಗೆ ಮೊಳಕೆಯ ಗುಣ ಏನು ಗೊತ್ತು? ಉಪ್ಪು ಹಾಕಿ ಮೆತ್ತಗೆ ಬೇಯಿಸಿ, ಒಂದು ಬೊಗಸೆ ಬಡಿಸಿದಳು. ಅವನು ಕಣ್ಣುಮುಚ್ಚಿ ಅಗಿದ.

ಮಾರನೇ ದಿನ ಮಧ್ಯಾಹ್ನ ಅವನ ಹೊಟ್ಟೆ ಹಲಗೆಯಂತೆ ಬಿಗಿಯಿತು. ಆಸ್ಪತ್ರೆಯಲ್ಲಿ ಕರುಳು ತೂತುಬಿದ್ದಿದೆ ಎಂದರು. ಏನು ತಿನ್ನಿಸಿದಿರಿ ಎಂದು ಕೇಳಿದಾಗ ಚಂದ್ರವ್ವ ಗಂಜಿ ಎಂದಳು. ಸಂಜೆಯೊಳಗೆ ದಾನಪ್ಪ ಹೋಗಿಬಿಟ್ಟ.

ತಂತಿ ಮುಟ್ಟಿ ಅಂಬವ್ವ ರೈಲಿನಲ್ಲಿ ಬಂದಳು. ಅತ್ತು ಅತ್ತು ಸುಸ್ತಾಗಿ, ಮಗನ ದಿವಸದ ಕರ್ಮಕ್ಕೆ ಎರಡು ದಿನ ಮುಂಚೆ ತಾನೇ ಕಾಳು ನೆನೆಹಾಕಿದಳು. ಸಂಜೆ ಸೊಸೆಯನ್ನು ಕರೆದು ಹೇಳಿದಳು: "ಎಡಿಗೆ ಮಡಕಿ ಪಲ್ಯ ಇಡೂಣು. ಅದಂದ್ರ ಅಂವಗ ಜೀಂವ. ಪಾಪ, ನನ್ನ ಮಗಾ ಕಡೀಕ ಒಂದ ಕಾಳ ಸೈತ ಕಾಣದ ಹ್ವಾದ. ಗಂಟ ಕಟ್ಟು, ನಿನ್ನ ಕೈಗುಣ ಚಲೋ ಐತಿ."

ಚಂದ್ರವ್ವ ಆ ಧೋತರದ ತುಂಡನ್ನು ಕೈಗೆತ್ತಿಕೊಂಡಳು. ಕಟ್ಟಲು ಆಗಲಿಲ್ಲ.

"ತಿಂದಾರ್ರಿ ಅತ್ತಿ. ಡಾಕ್ಟರ್ ಬ್ಯಾಡಂದಿದ್ರು. ನಾನೇ ತಿನ್ನಿಸಿದೆ."

ಅಂಬವ್ವ ನೆನೆದ ಕಾಳಿನ ಪಾತ್ರೆಯನ್ನು ತನ್ನ ಕಡೆ ಎಳೆದುಕೊಂಡಳು. ಆಮೇಲೆ ಕೇಳಿದಳು: "ರುಚಿ ಹತ್ತಿತೇನ ಅಂವಗ?"

"ಹೂಂರಿ. ಇನ್ನಷ್ಟ ಬೇಡಿದ್ರು."

ಮುದುಕಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಬಿಕ್ಕಿದಳು. ಬಳಿಕ ಎದ್ದು ಬಂದು ಸೊಸೆಯ ಕೈಯಿಂದ ಬಟ್ಟೆ ಕಸಿದುಕೊಂಡಳು. "ಎಡಿ ನಾ ಮಾಡತೀನಿ. ಇನ್ನ ನಿನ್ನ ಕೈಯಾಗಿನ ನೀರೂ ನನಗ ಬ್ಯಾಡ."

ನೀವೇ ಕಲಿಸಿದ್ದಲ್ಲವೇ ಎಂಬ ಮಾತು ಚಂದ್ರವ್ವನ ನಾಲಿಗೆಯ ತುದಿಗೆ ಬಂತು. ಅಂಬವ್ವ ಒದ್ದೆ ಕಾಳನ್ನು ಬಟ್ಟೆಗೆ ಸುರಿದು ಗಂಟು ಕಟ್ಟಲು ಹೋದಳು. ಬಿಗಿಯಲಿಲ್ಲ, ಮತ್ತೆ ಕಟ್ಟಿದಳು, ಮತ್ತೆ ಬಿಚ್ಚಿತು. ಚಂದ್ರವ್ವ ಮಾತನ್ನು ನುಂಗಿಕೊಂಡಳು.