ಹಳದಿ ತಂತಿಗಳ ಸಾಲಿನಲ್ಲಿ

ಕಾರಿನ ಸೀಟಿನ ಕೆಳಗೆ, ಬಾಗಿಲಿನ ಹೊಟ್ಟೆಯೊಳಗೆ ಹರಿಯುವ ತಂತಿಗಳನ್ನು ಹೆಣೆಯುವವರು ನಾವು. ಓಡಿಸುವವರಿಗೆ ಅವು ಎಂದೂ ಕಾಣುವುದಿಲ್ಲ. ಹಳದಿ ತಂತಿಗಳು ಏರ್‌ಬ್ಯಾಗಿನವು. ಡಿಕ್ಕಿಯಾದಾಗ ಉಬ್ಬಬೇಕೆಂದು ಕಾರಿನ ಕಂಪ್ಯೂಟರು ಚೀಲಕ್ಕೆ ತಿಳಿಸುವುದು ಅವುಗಳ ಮೂಲಕ. ತಂತಿಯ ತುದಿಯ ಪಿನ್ನನ್ನು ಪ್ಲಗ್ಗಿನ ಗೂಡಿಗೆ ತಳ್ಳಿದಾಗ ಟಿಕ್ ಎನ್ನಬೇಕು. ಎಳೆದು ನೋಡುವಂತಿಲ್ಲ, ತೆಳು ತಂತಿ ಸಡಿಲಾಗುತ್ತದೆ. ಅರ್ಧ ಕೂತ ಪಿನ್ನು ಕೊನೆಯಲ್ಲಿ ದೀಪ ಹತ್ತಿಸಿ ನೋಡುವ ಪರೀಕ್ಷೆಯಲ್ಲೂ ಪಾಸಾಗಿಬಿಡುತ್ತದೆ. ಹಾಗಾಗಿ ನಮ್ಮ ಸಾಲಿನಲ್ಲಿ ರೇಡಿಯೋ ಇಲ್ಲ, ಹರಟೆ ಇಲ್ಲ. ಕಿವಿಯೇ ಎಲ್ಲ.

ಆ ಸಾಲಿನವರಿಗೆಲ್ಲ ಕೆಲಸ ಕಲಿಸಿದವರು ನನ್ನ ಚಿಕ್ಕಮ್ಮ ರಾದೋಯ್ಕಾ. ಎಂಟನೇ ತರಗತಿಗೇ ಶಾಲೆ ಬಿಟ್ಟ ನನ್ನನ್ನು ಈ ಕಾರ್ಖಾನೆಗೆ ಸೇರಿಸಿದವರೂ ಅವರೇ. ನಾನಿರುವುದೂ ಅವರ ಮನೆಯಲ್ಲೇ.

ಚಳಿಗಾಲದಲ್ಲಿ ಒಲೆಯ ಮೇಲೆ ಕಾಫಿ ಉಕ್ಕಿ ಚುರುಗುಟ್ಟಿದರೂ ಅವರು ತಿರುಗದಿದ್ದಾಗ ನನಗೆ ಗೊತ್ತಾಯಿತು. ಆಮೇಲೆ ಗಮನಿಸಿದೆ: ಪಿನ್ನು ತಳ್ಳಿದ ಮೇಲೆ ಅವರು ಎದುರಿನ ಕೆಲಸದ ಹಲಗೆಯ ಬಳಿ ನಿಂತ ನನ್ನ ಮುಖ ನೋಡುತ್ತಿದ್ದರು. ಸದ್ದು ಕೇಳಿದರೆ ನಾನು ತಲೆಯಾಡಿಸುತ್ತಿದ್ದೆ. ಇಬ್ಬರೂ ಆ ಬಗ್ಗೆ ಮಾತೆತ್ತಲಿಲ್ಲ.

ಮೊನ್ನೆ ಪ್ಯಾಕಿಂಗಿನಲ್ಲಿ ಒಂದು ಹಳದಿ ಪಿನ್ನು ಕಳಚಿ ನೇತಾಡಿತು. ಮೇಲ್ವಿಚಾರಕ ಸೀನಿಶಾ ಅದನ್ನು ಹಿಡಿದು ತಂದ. ಪಿನ್ನು ಕೂರಿಸಿದವರು ಚಿಕ್ಕಮ್ಮ, ಮೇಲೆ ಟೇಪು ಸುತ್ತಿದವಳು ಹೊಸಬಳಾದ ಬೋರ್ಕಾ. ಬೆಳಿಗ್ಗೆ ನನ್ನದೇ ಪಿನ್ನು ಟಿಕ್ ಎಂದಾಗ ನಾನು ತಲೆಯಾಡಿಸಿದ್ದೆ. ಅದೇ ಹೊತ್ತಿಗೆ ಚಿಕ್ಕಮ್ಮ ತಮ್ಮ ಪಿನ್ನು ತಳ್ಳಿ ನನ್ನ ಮುಖ ನೋಡುತ್ತಿದ್ದರು.

"ಸುತ್ತೋವಾಗ ಎಳೆದ್ಯೇನಮ್ಮ?" ಎಂದು ಸೀನಿಶಾ ಬೋರ್ಕಾಳನ್ನು ಕೇಳಿದ.

"ಇಲ್ಲಣ್ಣ. ಮುಟ್ಟಿದ್ದೂ ಮೆತ್ತಗೇನೇ."

"ಮೆತ್ತಗೆ ಮುಟ್ಟೋಳು ನಿನ್ನೆ ಬುರೆಕ್ ಹೆಂಗೆ ಕಿತ್ತುಕೊಂಡು ತಿಂದೆ, ನೋಡಿದೀವಿ ಬಿಡು," ಎಂದಳು ಪಕ್ಕದ ಹಲಗೆಯ ದೊಬ್ರಿಲಾ. ಎಲ್ಲರೂ ನಕ್ಕರು. "ರಾದೋಯ್ಕಾದು ಬೆಕ್ಕಿನ ಕಿವಿ ಕಣೋ ಸೀನಿಶಾ. ಅವಳ ಕೈಯಲ್ಲಿ ತಪ್ಪೋದುಂಟಾ?"

ಬೋರ್ಕಾ ನಗಲಿಲ್ಲ. ಅವಳ ಕೆಲಸ ಇನ್ನೂ ಕಾಯಂ ಆಗಿರಲಿಲ್ಲ. ಇಂಥ ಒಂದು ತಪ್ಪು ಸಾಕು, ಸಂಜೆಗೆ ಮನೆಗೆ.

"ಹಾಗಾದ್ರೆ ನಿನ್ನ ಕೋಟು ತಗೊಂಡು ಆಫೀಸಿಗೆ ಬಾ," ಎಂದ ಸೀನಿಶಾ.

ಬೋರ್ಕಾ ಕೆಲಸದ ಮೇಲಂಗಿಯ ಗುಂಡಿ ಬಿಚ್ಚತೊಡಗಿದಳು. ಚಿಕ್ಕಮ್ಮ ಅವಳ ಬೆರಳುಗಳನ್ನೇ ನೋಡುತ್ತಾ, ತಮ್ಮ ಪಿನ್ನು ಸರಿಯಾಗಿಯೇ ಕೂತಿತ್ತೆಂದು ಹೇಳತೊಡಗಿದರು. ನಾನು ಚಿಕ್ಕಮ್ಮನ ಬೆನ್ನ ಹಿಂದೆ ನಿಂತಿದ್ದೆ. ನನ್ನ ಸ್ವರ ಯಾವಾಗಲೂ ಸಣ್ಣದು, ಸಾಲಿನವರು ನನ್ನನ್ನು ಮೂಗಿ ಎಂದೇ ಕರೆಯುತ್ತಾರೆ.

"ಚಿಕ್ಕಮ್ಮಾ, ನಿಮಗೆ ಕೇಳಿಸಲ್ಲ," ಎಂದೆ.

ಎಲ್ಲರಿಗೂ ಕೇಳಿಸಿತ್ತು.

"ಈ ಎರಡು ಕಿವೀಲಿ ಕೇಳಿಸಿಕೊಂಡಿದೀನಿ ಸೀನಿಶಾ, ಟಿಕ್ ಅಂತು," ಎಂದು ಚಿಕ್ಕಮ್ಮ ಹೇಳುತ್ತಲೇ ಇದ್ದರು. ಎದುರಿನ ಮುಖಗಳು ಬದಲಾದದ್ದು ಕಂಡು ನಿಲ್ಲಿಸಿದರು. ದೊಬ್ರಿಲಾ ನೆಲ ನೋಡಿದಳು. ಚಿಕ್ಕಮ್ಮ ನಿಧಾನವಾಗಿ ನನ್ನ ಕಡೆ ತಿರುಗಿದರು.

"ಏನಂದೆ?"

ಅವರ ಮುಖಕ್ಕೆ ಮುಖ ಕೊಟ್ಟು ಅದನ್ನು ಇನ್ನೊಮ್ಮೆ ಹೇಳಲು ನನ್ನಿಂದಾಗಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ. ಅವರು ಗ್ಲೌಸು ತೆಗೆದು ಹಲಗೆಯ ಮೇಲಿಟ್ಟು, "ಆ ಹುಡುಗೀನ ಬಿಡು, ನಾನೇ ಬರ್ತೀನಿ," ಎಂದು ಸೀನಿಶಾನಿಗಿಂತ ಮೊದಲೇ ಆಫೀಸಿನತ್ತ ನಡೆದರು.

ಸಂಜೆ ಬಸ್ಸಿನಲ್ಲಿ ಎಂದಿನಂತೆ ನನ್ನ ಪಕ್ಕದಲ್ಲೇ ಕುಳಿತರು. ಮುಂದಿನ ಸೀಟಿನ ದೊಬ್ರಿಲಾ ಒಮ್ಮೆಯೂ ತಿರುಗಲಿಲ್ಲ.

"ಸೋಮವಾರದಿಂದ ಕ್ಯಾಂಟೀನಲ್ಲಿ ಪಾತ್ರೆ ತೊಳೀಬೇಕಂತೆ," ಎಂದರು ಚಿಕ್ಕಮ್ಮ. ಆಮೇಲೆ, "ಮನೇಲಿ ಒಂದ್ ಮಾತು ಹೇಳಿದ್ರೆ ನಾನೇ ಬಿಡ್ತಿದ್ದೆನಲ್ಲೇ, ಮಗಳೇ," ಎಂದರು.

ಚಳಿಗಾಲ ಪೂರ್ತಿ ನಾವಿಬ್ಬರೂ ಒಂದೇ ಮೇಜಿನಲ್ಲಿ ಉಂಡಿದ್ದೆವು. ನಾನು ತಪ್ಪಾಯಿತು ಎಂದೆ. ಕಿಟಕಿಯ ಕಡೆ ಮುಖ ಮಾಡಿಕೊಂಡು ಎಂದೆ.